ಹದಿಮೂರಕ್ಕೆ ಆರು: ಟಿಯಾರೆ ಜೆನ್ನಿಂಗ್ಸ್ ಅವರ ಮೊದಲ ಕಾಲೇಜು ವರ್ಷ

ರಾಹುಲ್ ದ್ರಾವಿಡ್ ಅವರ ಟೆಸ್ಟ್ ಸರಾಸರಿ 52.31 ಎಂದರೆ ಅದರ ತೂಕವನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಐವತ್ತು ದಾಟಿದವರ ಸಾಲೇ ಬೇರೆ ಎಂಬುದು ಗಲ್ಲಿ ಕ್ರಿಕೆಟ್ ಆಡುವ ಹುಡುಗನಿಗೂ ಗೊತ್ತು. ಅದೇ ‘.462’ ಎಂದು ಬರೆದು ಮುಂದಿಟ್ಟರೆ? ಸೊನ್ನೆಯೂ ಇಲ್ಲದೆ ಬರೀ ಚುಕ್ಕಿಯಿಂದ ಶುರುವಾಗುವ ಈ ಅಂಕಿಯನ್ನು ಕಂಡು ಅಮೆರಿಕದ ಸಾಫ್ಟ್‌ಬಾಲ್ ಪ್ರೇಮಿಗಳ ಹುಬ್ಬು ಮೇಲೇರುತ್ತದೆ. ನಮಗೆ ಅದು ಅಚ್ಚಿನ ತಪ್ಪಿನಂತೆ ಕಾಣುತ್ತದೆ.

ಆ ಅಂಕಿ ಟಿಯಾರೆ ಜೆನ್ನಿಂಗ್ಸ್ ಎಂಬ ಆಟಗಾರ್ತಿಯದು. 2021ರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಮಹಿಳಾ ಸಾಫ್ಟ್‌ಬಾಲ್ ತಂಡದಲ್ಲಿ ಅವರು ಮೊದಲ ವರ್ಷದ ವಿದ್ಯಾರ್ಥಿನಿ. ಅಲ್ಲಿಯವರು ಇಂಥವರನ್ನು ‘ಫ್ರೆಶ್‌ಮನ್’ ಎನ್ನುತ್ತಾರೆ. ಹುಡುಗಿಯಾದರೂ ಮ್ಯಾನ್ ಎಂದೇ. ಓಟಗಾರ್ತಿಯರು ಒಂದೊಂದಾಗಿ ಮುಟ್ಟಿ ಮನೆಗೆ, ಅಂದರೆ ಬ್ಯಾಟು ಬೀಸುವ ಹೋಮ್ ಪ್ಲೇಟಿಗೆ, ಮರಳಬೇಕಾದ ಮೂರು ಗುರುತುಗಳೇ ಬೇಸ್‌ಗಳು. ಅವರು ನಿಂತದ್ದು ಸೆಕೆಂಡ್ ಬೇಸ್‌ನಲ್ಲಿ, ಅಂದರೆ ಒಳ ಮೈದಾನ ಕಾಯುವ ಇನ್‌ಫೀಲ್ಡರ್ ಆಗಿ. ಆ ವರ್ಷದ ಬ್ಯಾಟಿಂಗ್ ಸರಾಸರಿ .462, ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂತೆ ಬೇಲಿಯಾಚೆ ಬೀಳುವ ಹೊಡೆತ) 27, ಆರ್‌ಬಿಐ 92. ಸಾಫ್ಟ್‌ಬಾಲ್ ತರಬೇತುದಾರರ ರಾಷ್ಟ್ರೀಯ ಸಂಘವು ದೇಶದ ಅತ್ಯುತ್ತಮ ಮೊದಲ ವರ್ಷದ ಆಟಗಾರ್ತಿ ಎಂದು ಅವರನ್ನೇ ಆರಿಸಿತು. ದೇಶದ ಶ್ರೇಷ್ಠ ಆಟಗಾರ್ತಿಯರನ್ನು ಹೆಸರಿಸುವ ಆಲ್ ಅಮೆರಿಕನ್ ಮೊದಲ ತಂಡದಲ್ಲೂ ಹೆಸರು ಬಂತು. ಕೊನೆಗೆ ರಾಷ್ಟ್ರೀಯ ಪ್ರಶಸ್ತಿಯೂ ಒಕ್ಲಹೋಮದ ಪಾಲಾಯಿತು.

ಪ್ರಶಸ್ತಿಗಳ ಪಟ್ಟಿಯಿಂದ ಆಟ ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲು ಅಂಕಿಗಳನ್ನು ಬಿಡಿಸೋಣ.

ಕ್ರಿಕೆಟ್ಟಿನ ಸರಾಸರಿ ಹೇಳುವುದು ಒಮ್ಮೆ ಔಟಾಗುವ ಮುನ್ನ ಎಷ್ಟು ರನ್ ಬರುತ್ತದೆ ಎಂಬುದನ್ನು. ಸಾಫ್ಟ್‌ಬಾಲ್‌ನ ಸರಾಸರಿ ರನ್ನುಗಳನ್ನು ಎಣಿಸುವುದೇ ಇಲ್ಲ. ಬ್ಯಾಟು ಹಿಡಿದು ನಿಂತ ಬಾರಿಗಳಲ್ಲಿ ಎಷ್ಟು ಸಲ ಹೊಡೆದು ಸುರಕ್ಷಿತವಾಗಿ ಬೇಸ್ ಮುಟ್ಟಿದರು ಎಂಬುದಷ್ಟೇ ಅದರ ಲೆಕ್ಕ. ಚೆಂಡು ಎಸೆಯುವ ಪಿಚರ್ ಗುರಿ ತಪ್ಪಿ ನಾಲ್ಕು ಕೆಟ್ಟ ಎಸೆತ ಹಾಕಿ ಪುಕ್ಕಟೆಯಾಗಿ ಬೇಸ್ ಬಿಟ್ಟುಕೊಟ್ಟರೆ ಆ ಬಾರಿ ಲೆಕ್ಕದಿಂದಲೇ ಹೊರಗೆ. .462 ಎಂದರೆ ಸರಿಸುಮಾರು ಹದಿಮೂರು ಬಾರಿಗೆ ಆರು. ಉಳಿದ ಏಳು ಬಾರಿ ಸೋಲು. ಅರ್ಧಕ್ಕಿಂತ ಹೆಚ್ಚು ಸಲ ಸೋತವರನ್ನು ಅಸಾಮಾನ್ಯರು ಎಂದು ಹೊಗಳುವ ಆಟ ಇದು. ಪುರುಷರ ಬೇಸ್‌ಬಾಲ್‌ನ ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ ಹತ್ತಕ್ಕೆ ನಾಲ್ಕು ಮುಟ್ಟಿದ ಕೊನೆಯ ಆಟಗಾರ 1941ರ ಟೆಡ್ ವಿಲಿಯಮ್ಸ್. ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಆ ಗಡಿ ಅಷ್ಟು ದುರ್ಗಮವಲ್ಲ, ದಾಟಿದವರು ಸಾಕಷ್ಟಿದ್ದಾರೆ. ಆದರೂ ಕಾಲೇಜು ಮೆಟ್ಟಿಲು ಹತ್ತಿದ ವರ್ಷವೇ ಹದಿಮೂರಕ್ಕೆ ಆರು ಎಂಬುದು ದೊಡ್ಡ ಮಾತು.

ಆರ್‌ಬಿಐ ಎಂದರೆ ಒಬ್ಬರು ಬ್ಯಾಟು ಹಿಡಿದ ಫಲವಾಗಿ ಮನೆ ಮುಟ್ಟಿದ ಓಟಗಳು. ಹೋಮ್ ರನ್ ಹೊಡೆದಾಗ ತಾನು ಓಡಿ ಬಂದದ್ದೂ ಇದರಲ್ಲಿ ಸೇರುತ್ತದೆ. ಹಾಗಾಗಿ 92ರಲ್ಲಿ 27 ಅವರ ಸ್ವಂತ ಕಾಲಿನವು. ಉಳಿದ 65 ಓಟಗಳು ಅವರಿಗಿಂತ ಮೊದಲು ಬೇಸ್ ಮೇಲೆ ನಿಂತು ಕಾಯುತ್ತಿದ್ದ ಜೊತೆಗಾರ್ತಿಯರವು. ಈ 65ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮೈದಾನಕ್ಕೆ ಇಳಿಯೋಣ. ಸಾಫ್ಟ್‌ಬಾಲ್ ಹೆಸರಿನಲ್ಲಷ್ಟೇ ಮೆತ್ತಗೆ. 1887ರಲ್ಲಿ ಚಿಕಾಗೊದ ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ ಬಾಕ್ಸಿಂಗ್ ಕೈಗವಸನ್ನು ಉಂಡೆ ಕಟ್ಟಿ, ಪೊರಕೆ ಹಿಡಿಯಿಂದ ಬಾರಿಸಿ ಇದನ್ನು ಶುರು ಮಾಡಿದಾಗ ಚೆಂಡು ನಿಜಕ್ಕೂ ಮೆತ್ತಗಿದ್ದೀತು. ಈಗಿನ ಹಳದಿ ಚೆಂಡಿನ ಸುತ್ತಳತೆ 12 ಅಂಗುಲ, ತೂಕ ಸುಮಾರು 180ರಿಂದ 200 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ದಪ್ಪ, ಅದಕ್ಕಿಂತ ಭಾರ. ಥರ್ಡ್ ಬೇಸ್ ಕಾಯುವವರು ಮುಖಕ್ಕೆ ಜಾಲರಿ ಕಟ್ಟಿಕೊಂಡು ನಿಲ್ಲುವುದು ಸುಮ್ಮನೆ ಅಲ್ಲ.

ಪಿಚರ್ ತೋಳನ್ನು ಗಾಳಿಯಂತ್ರದಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಬಳಿಯಿಂದ ಕೆಳಗೈಯಲ್ಲೇ ಚೆಂಡನ್ನು ಬಿಡುತ್ತಾರೆ. ‘ಕೆಳಗೈ ಎಸೆತ’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಚಿಕ್ಕ ಮಕ್ಕಳಿಗೆ ಹಾಕುವ ಚೆಂಡು ಬರುತ್ತದೆ. ಆ ಚಿತ್ರವನ್ನು ತೆಗೆದುಹಾಕಿ. ಪಿಚರ್ ನಿಲ್ಲುವ ಜಾಗಕ್ಕೂ ಬ್ಯಾಟು ಬೀಸುವ ಹೋಮ್ ಪ್ಲೇಟಿಗೂ ನಡುವೆ 43 ಅಡಿ, ಅಂದರೆ ಸುಮಾರು 13 ಮೀಟರ್. ಎಸೆಯುವಾಗ ಅವರು ಮುಂದಕ್ಕೆ ಹಾರಿ ಬೀಳುವುದರಿಂದ ಚೆಂಡು ಕೈ ಬಿಡುವಾಗ ಉಳಿದಿರುವುದು ಹನ್ನೊಂದು ಮೀಟರಿನ ಆಸುಪಾಸು. ಗಂಟೆಗೆ 105 ಕಿಲೋಮೀಟರ್ ವೇಗದ ಎಸೆತ ಅಷ್ಟು ದೂರವನ್ನು ಸುಮಾರು 0.38 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಕ್ರಿಕೆಟ್ಟಿನಲ್ಲಿ 140 ಕಿಲೋಮೀಟರ್ ವೇಗದ ಬೌಲರ್ ಎದುರು ಬ್ಯಾಟ್ಸ್‌ಮನ್‌ಗೆ ಸಿಗುವುದು 0.45 ಸೆಕೆಂಡಿನಷ್ಟು, ಅದರ ಮೇಲೆ ನೆಲಕ್ಕೆ ಬಡಿದು ಕೊಂಚ ವೇಗ ಕಳೆದುಕೊಂಡ ಚೆಂಡು. ಕೆಳಗೈ ಎಸೆತ ಎಂದು ನಕ್ಕವರು ಇಲ್ಲಿ ಕೊಂಚ ನಿಲ್ಲಬೇಕು. ಅಷ್ಟೇ ಅಲ್ಲ, ಸೊಂಟದೆತ್ತರದಿಂದ ಹೊರಟು ಎದೆಮಟ್ಟಕ್ಕೆ ಏರಿಬರುವ ‘ರೈಸ್ ಬಾಲ್’ ಎಂಬ ಮೋಸದ ಎಸೆತಕ್ಕೆ ಹೊಸಬರು ಚೆಂಡಿನ ಕೆಳಗೆ ಗಾಳಿಯನ್ನು ಬೀಸಿ ವಾಪಸಾಗುವುದು ಮಾಮೂಲು. ಶಾಲೆಯಿಂದ ಕಾಲೇಜಿಗೆ ಬಂದ ಹುಡುಗಿಯರು ಎಡವುವ ಮೊದಲ ಹೊಸ್ತಿಲು ಇದೇ.

ಬ್ಯಾಟಿಂಗ್ ಅರ್ಧ ಕಥೆ ಮಾತ್ರ. ಜೆನ್ನಿಂಗ್ಸ್ ಇನ್‌ಫೀಲ್ಡರ್ ಎಂಬುದನ್ನು ಮರೆತರೆ ಆ ವರ್ಷದ ಅರ್ಧ ಬೆವರು ಕಣ್ಣಿಗೆ ಬೀಳುವುದಿಲ್ಲ.

ಸಾಫ್ಟ್‌ಬಾಲ್‌ನ ಒಳ ಮೈದಾನ ಮೂಲೆಯ ಮೇಲೆ ನಿಲ್ಲಿಸಿದ ಚೌಕ. ನಾಲ್ಕು ಮೂಲೆಗಳಲ್ಲಿ ಹೋಮ್ ಪ್ಲೇಟ್ ಮತ್ತು ಮೂರು ಬೇಸ್‌ಗಳು, ಒಂದರಿಂದ ಇನ್ನೊಂದಕ್ಕೆ 60 ಅಡಿ. ಬೇಸ್‌ಬಾಲ್‌ನಲ್ಲಿ ಇದು 90 ಅಡಿ. ಈ 30 ಅಡಿಯ ಕಡಿತವೇ ಎರಡೂ ಆಟಗಳನ್ನು ಬೇರೆ ಬೇರೆ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಹೊಡೆದವರು ಮೊದಲ ಬೇಸ್ ತಲುಪಲು ಹೆಚ್ಚೂಕಡಿಮೆ ಮೂರು ಸೆಕೆಂಡು ಸಾಕು. ಎಡಗೈ ಬ್ಯಾಟುಗಾರ್ತಿಯರಲ್ಲಿ ‘ಸ್ಲ್ಯಾಪರ್’ ಎಂಬ ಒಂದು ಜಾತಿಯೇ ಇದೆ. ಅವರು ಓಡುತ್ತಲೇ ಚೆಂಡನ್ನು ತಟ್ಟುವುದರಿಂದ ಅಷ್ಟೂ ಸಮಯ ಹಿಡಿಯುವುದಿಲ್ಲ. ನೆಲದಲ್ಲಿ ಉರುಳಿ ಬಂದ ಚೆಂಡು ಸೆಕೆಂಡ್ ಬೇಸ್ ಕಾಯುವವರ ಬಳಿ ಬರಲು ಒಂದು ಸೆಕೆಂಡು ಎನ್ನಿ. ಅದನ್ನು ಕೈಗವಸಿನಿಂದ ಬರಿಗೈಗೆ ದಾಟಿಸಿಕೊಂಡು ಎಸೆಯಲು ಇನ್ನೊಂದು ಸೆಕೆಂಡಿನ ಒಳಗೆ. ಎಸೆದದ್ದು ಫಸ್ಟ್ ಬೇಸ್ ಮುಟ್ಟಲು ಅರ್ಧ ಸೆಕೆಂಡಿನ ಮೇಲೆ ಇಷ್ಟು. ಕೂಡಿ ನೋಡಿದರೆ ಕೈಯಲ್ಲಿ ಉಳಿಯುವುದು ಕಣ್ಣು ಮಿಟುಕಿಸುವಷ್ಟು. ಚೆಂಡು ಅಂಗೈಯಲ್ಲಿ ಒಮ್ಮೆ ಕುಪ್ಪಳಿಸಿದರೂ ಓಟಗಾರ್ತಿ ಪಾರು. ಇಲ್ಲಿ ವಿಕೆಟ್ ಉರುಳಿಸಬೇಕಾಗಿಲ್ಲ, ಫಸ್ಟ್ ಬೇಸ್ ಮೇಲೆ ಕಾಲಿಟ್ಟು ನಿಂತವರ ಕೈಗೆ ಚೆಂಡು ಮೊದಲು ತಲುಪಿದರೆ ಸಾಕು. ಹಾಗಾಗಿ ಗುರಿಗಿಂತ ಹೆಚ್ಚು ಬೇಕಾದದ್ದು ಅವಸರವಿಲ್ಲದ ವೇಗ.

ಸೆಕೆಂಡ್ ಬೇಸ್‌ನ ಕೆಲಸ, ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನಷ್ಟು ಆಡಂಬರದ್ದಲ್ಲ. ಫಸ್ಟ್ ಬೇಸ್ ಹತ್ತಿರವಿರುವುದರಿಂದ ಎಸೆತ ಚಿಕ್ಕದು, ತೋಳಿನ ಬಲ ಅಷ್ಟಾಗಿ ಬೇಡ. ಅದಕ್ಕೆ ಕೆಲವರು ಈ ಸ್ಥಾನವನ್ನು ಸುಲಭವೆಂದು ಬಗೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಬ್ಯಾಟುಗಾರ್ತಿ ಚೆಂಡನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಫಸ್ಟ್ ಬೇಸ್ ಕಾಯುವವರು ಅದನ್ನು ಹಿಡಿಯಲು ಮುನ್ನುಗ್ಗುತ್ತಾರೆ. ಆಗ ಖಾಲಿಯಾದ ಫಸ್ಟ್ ಬೇಸ್‌ಗೆ ಓಡಿ ಬಂದು ನಿಲ್ಲಬೇಕಾದವರು ಸೆಕೆಂಡ್ ಬೇಸ್‌ನವರೇ. ಇಬ್ಬರನ್ನು ಒಟ್ಟಿಗೆ ಔಟ್ ಮಾಡುವ ಡಬಲ್ ಪ್ಲೇಯಲ್ಲಿ ಶಾರ್ಟ್‌ಸ್ಟಾಪ್ ಕೊಟ್ಟ ಚೆಂಡನ್ನು ಹಿಡಿದು, ಬೇಸ್ ಮುಟ್ಟಿ, ತಮ್ಮತ್ತ ಜಾರಿ ಬರುತ್ತಿರುವ ಓಟಗಾರ್ತಿಯ ಕಾಲಿಗೆ ಸಿಗದಂತೆ ತಿರುಗಿ, ಫಸ್ಟ್ ಬೇಸ್‌ಗೆ ಎಸೆಯಬೇಕು. ಬೆನ್ನ ಹಿಂದೆ ಏನಾಗುತ್ತಿದೆ ಎಂಬುದನ್ನು ನೋಡದೆ ತಿಳಿಯುವ ಕಲೆ ಇದು. ಸ್ಲಿಪ್‌ನಲ್ಲಿ ನಿಂತು ಟೆಸ್ಟ್ ಬದುಕಿನಲ್ಲಿ 210 ಕ್ಯಾಚ್ ಹಿಡಿದ ದ್ರಾವಿಡ್ ಅವರ ಕೈಗಳನ್ನು ನೆನೆದರೆ, ಅಂಥ ಕೈಗಳ ಜೊತೆಗೆ ಕುಣಿಯುವ ಪಾದಗಳೂ ಬೇಕು ಎಂದು ಸೇರಿಸಿಕೊಂಡರೆ, ಚಿತ್ರ ಪೂರ್ಣವಾಗುತ್ತದೆ.

ಫೀಲ್ಡಿಂಗಿಗೂ ಒಂದು ಶೇಕಡಾವಾರು ಅಂಕಿ ಇದೆ: ಕೈಗೆ ಬಂದ ಅವಕಾಶಗಳಲ್ಲಿ ಎಷ್ಟನ್ನು ತಪ್ಪಿಲ್ಲದೆ ಮುಗಿಸಿದರು ಎಂಬುದು. ನನಗೆ ಅದರ ಮೇಲೆ ಅಂಥ ನಂಬಿಕೆಯಿಲ್ಲ. ದೂರದ ಚೆಂಡಿಗೆ ಓಡದೆ ನಿಂತವರು ತಪ್ಪನ್ನೂ ಮಾಡುವುದಿಲ್ಲ. ಓಡಿ ಹೋಗಿ ಬೆರಳ ತುದಿಯಲ್ಲಿ ಕಳೆದುಕೊಂಡವರ ಲೆಕ್ಕಕ್ಕೆ ತಪ್ಪು ಬೀಳಬಹುದು.

ಇಂಥ ಪಾದಗಳು ಹದಿನೆಂಟನೆಯ ವಯಸ್ಸಿನಲ್ಲಿ ಎಲ್ಲಿಂದ ಬರುತ್ತವೆ? ಜೆನ್ನಿಂಗ್ಸ್ ಲಾಸ್ ಏಂಜಲೀಸ್ ಬಂದರಿನ ಸೆರಗಿನಲ್ಲಿರುವ ಸ್ಯಾನ್ ಪೆಡ್ರೊದವರು. ಓದಿದ್ದು ಪಕ್ಕದ ಲಾಂಗ್ ಬೀಚ್ ನಗರದ ಸೇಂಟ್ ಆಂಥನಿ ಪ್ರೌಢಶಾಲೆಯಲ್ಲಿ. ದಕ್ಷಿಣ ಕ್ಯಾಲಿಫೋರ್ನಿಯ ಎಂದರೆ ಸಾಫ್ಟ್‌ಬಾಲ್‌ಗೆ ಹದವಾದ ನೆಲ. ಹಿಮ ಬೀಳುವುದಿಲ್ಲ, ಜನವರಿಯಲ್ಲೂ ಹೊರಗೆ ಆಡಬಹುದು. ಮಿನ್ನೆಸೋಟದ ಹುಡುಗಿ ಚಳಿಗಾಲವಿಡೀ ಜಿಮ್ಮಿನ ಮರದ ನೆಲದ ಮೇಲೆ ಚೆಂಡು ಹಿಡಿಯುವಾಗ ಇಲ್ಲಿನವಳು ನಿಜವಾದ ಮಣ್ಣಿನ ಮೇಲೆ ಹಿಡಿಯುತ್ತಿರುತ್ತಾಳೆ. ಸಾಫ್ಟ್‌ಬಾಲ್‌ನ ಒಳ ಮೈದಾನದಲ್ಲಿ ಹುಲ್ಲಿಲ್ಲ, ಬರೀ ಮಣ್ಣು. ಮಣ್ಣಿನಲ್ಲಿ ಪುಟಿಯುವ ಚೆಂಡು ಎತ್ತ ತಿರುಗುತ್ತದೆ ಎಂಬುದನ್ನು ಹೇಳಿಕೊಟ್ಟು ಕಲಿಸಲಾಗದು. ಸಾವಿರಾರು ಸಲ ತಪ್ಪಿದ ಮೇಲೆ ಮೈಯೇ ಕಲಿಯುತ್ತದೆ.

ಇದರ ಮೇಲೆ ‘ಟ್ರಾವೆಲ್ ಬಾಲ್’ ಎಂಬ ಏರ್ಪಾಡು. ಶಾಲೆಯ ತಂಡದ ಆಟ ವಸಂತ ಕಾಲದ ಕೆಲವೇ ತಿಂಗಳು. ಉಳಿದಂತೆ ಖಾಸಗಿ ಕ್ಲಬ್ ತಂಡಗಳು ಹತ್ತು ಹನ್ನೆರಡು ವಯಸ್ಸಿನ ಹುಡುಗಿಯರನ್ನು ಕಟ್ಟಿಕೊಂಡು ಊರೂರು ಸುತ್ತುತ್ತವೆ. ಶನಿವಾರ ಭಾನುವಾರ ಸೇರಿ ನಾಲ್ಕೈದು ಪಂದ್ಯ, ಬೇಲಿಯಾಚೆ ಮಡಚುವ ಕುರ್ಚಿ ಹಾಕಿ ಕುಳಿತ ಅಪ್ಪ ಅಮ್ಮ, ಕಾರಿನ ಡಿಕ್ಕಿಯಲ್ಲಿ ತಂಪು ಪೆಟ್ಟಿಗೆ. ಖರ್ಚೆಲ್ಲ ಮನೆಯವರದು. ಕಾಲೇಜುಗಳ ತರಬೇತುದಾರರು ಆಟಗಾರ್ತಿಯರನ್ನು ಹುಡುಕುವುದು ಹೆಚ್ಚಾಗಿ ಈ ಪಂದ್ಯಗಳಲ್ಲೇ. ಒಂದು ಕಾಲಕ್ಕೆ ಈ ಹುಡುಕಾಟ ಎಷ್ಟು ವಿಪರೀತಕ್ಕೆ ಹೋಗಿತ್ತೆಂದರೆ, ಎಂಟನೆಯ ತರಗತಿಯ ಹುಡುಗಿಯರು ಇಂಥ ವಿಶ್ವವಿದ್ಯಾಲಯಕ್ಕೇ ಬರುತ್ತೇನೆಂದು ಬಾಯಿಮಾತು ಕೊಡುತ್ತಿದ್ದರು. 2018ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಅಡ್ಡಗೋಡೆ ಹಾಕಿತು: ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ಯಾರೂ ಮಾತುಕತೆ ನಡೆಸುವಂತಿಲ್ಲ.

ಹಾಗಾಗಿ ‘ಮೊದಲ ವರ್ಷ’ ಎಂಬ ಪದವೇ ಕೊಂಚ ದಾರಿ ತಪ್ಪಿಸುತ್ತದೆ. ಕಾಲೇಜಿನಲ್ಲಿ ಮೊದಲ ವರ್ಷವಾದವರಿಗೆ ಆಟದಲ್ಲಿ ಅದು ಹತ್ತನೆಯದೋ ಹನ್ನೆರಡನೆಯದೋ ಆಗಿರುತ್ತದೆ. ಸಂಗೀತಗಾರರ ಮೊದಲ ಕಛೇರಿಯನ್ನು ಕೇಳಿ ಇವರು ನಿನ್ನೆಯಷ್ಟೇ ಹಾಡಲು ಶುರು ಮಾಡಿದರು ಎಂದು ಯಾರೂ ಅಂದುಕೊಳ್ಳುವುದಿಲ್ಲವಲ್ಲ.

ಆದರೆ ಜೆನ್ನಿಂಗ್ಸ್ ಅವರ ಪೀಳಿಗೆಯ ರಂಗಪ್ರವೇಶಕ್ಕೆ ಒಂದು ವಿಶೇಷ ತೊಡಕಿತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಎಲ್ಲ ಮೈದಾನಗಳಿಗೂ ಬೀಗ ಬಿತ್ತು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದ ಹುಡುಗಿಯರ ಆಟ ಅಲ್ಲಿಗೇ ನಿಂತಿತು. ಅತ್ತ ಕಾಲೇಜು ಪಂದ್ಯಗಳೂ ಅರ್ಧಕ್ಕೆ ರದ್ದಾದವು. ಕಳೆದುಹೋದ ವರ್ಷಕ್ಕೆ ಪರಿಹಾರವಾಗಿ ಎನ್‌ಸಿಎಎ ಆಗಿನ ಕಾಲೇಜು ಆಟಗಾರ್ತಿಯರಿಗೆಲ್ಲ ಒಂದು ಹೆಚ್ಚುವರಿ ವರ್ಷ ಕೊಟ್ಟಿತು. ನ್ಯಾಯವೇನೋ ಹೌದು. ಆದರೆ ಇದರ ಬಿಸಿ ತಟ್ಟಿದ್ದು 2021ರಲ್ಲಿ ಒಳಬಂದವರಿಗೆ. ಹೋಗಬೇಕಾದ ಹಿರಿಯರಲ್ಲಿ ಹಲವರು ಹೋಗಲಿಲ್ಲ, ಎದುರಾಳಿ ಪಿಚರ್‌ಗಳಲ್ಲಿ ಪಳಗಿದ ಕೈಗಳು ಮಾಮೂಲಿಗಿಂತ ಹೆಚ್ಚು. ವರ್ಷದ ಮುಖ್ಯ ಭಾಗ ಪಂದ್ಯವಿಲ್ಲದೆ ಕಳೆದು, ಬಂದ ಕೂಡಲೇ ಇಂಥವರನ್ನು ಎದುರಿಸಿ ಹದಿಮೂರಕ್ಕೆ ಆರು ಎಂದಾಗ ಆ ಅಂಕಿಯ ಬೆಲೆ ಏರುತ್ತದೆ.

ಇನ್ನು ಬೆಲೆ ಇಳಿಸುವ ಮಾತನ್ನೂ ಆಡಬೇಕು. ಒಕ್ಲಹೋಮ ಆ ವರ್ಷ ಸಾಮಾನ್ಯ ತಂಡವಾಗಿರಲಿಲ್ಲ. 60 ಪಂದ್ಯಗಳಲ್ಲಿ 56 ಗೆಲುವು, 161 ಹೋಮ್ ರನ್. ಒಂದೇ ವರ್ಷದಲ್ಲಿ ಒಂದು ಕಾಲೇಜು ತಂಡ ಅಷ್ಟು ಹೋಮ್ ರನ್ ಅದುವರೆಗೆ ಹೊಡೆದಿರಲಿಲ್ಲ. ಅದೇ ತಂಡದ ಜಾಸ್ಲಿನ್ ಅಲೋ ಒಬ್ಬರೇ 34 ಹೊಡೆದಿದ್ದರು, ಅವರ ಸರಾಸರಿ .475. ಅಂದರೆ ಜೆನ್ನಿಂಗ್ಸ್ ಅವರ ಮನಮೋಹಕ ಅಂಕಿ ತಮ್ಮ ತಂಡದಲ್ಲೇ ಮೊದಲನೆಯದಲ್ಲ. ಬ್ಯಾಟಿಂಗ್ ಸಾಲಿನ ಆರಂಭದಲ್ಲಿ ಜೇಡಾ ಕೋಲ್ಮನ್ ಎಂಬ ಇನ್ನೊಬ್ಬ ಮೊದಲ ವರ್ಷದ ಹುಡುಗಿ ಬೇಸ್ ಮೇಲೆ ಹೋಗಿ ನಿಲ್ಲುತ್ತಿದ್ದರು. ಇಂಥ ಸಾಲಿನಲ್ಲಿ ಯಾರಾದರೂ ಒಬ್ಬರನ್ನು ತಪ್ಪಿಸಲು ಹೋದರೆ ಪಿಚರ್ ಇನ್ನೊಬ್ಬರ ಬಾಯಿಗೆ ಬೀಳಬೇಕು. ಎಸೆಯಲೇಬೇಕು, ಅದೂ ಹೊಡೆಯುವಂಥ ಜಾಗಕ್ಕೇ. ಆ 65 ಓಟಗಳು ನೆನಪಿವೆಯೇ? ಬೇಸ್ ಖಾಲಿಯಿರುವ ತಂಡದಲ್ಲಿ ಇದೇ ಬ್ಯಾಟು ಇದೇ ತೋಳು ಇದ್ದಿದ್ದರೂ ಆರ್‌ಬಿಐ 92 ಮುಟ್ಟುತ್ತಿರಲಿಲ್ಲ. ಆರ್‌ಬಿಐ ಹಾಗೆ ನೋಡಿದರೆ ಕೂಡು ಕುಟುಂಬದ ಆದಾಯ, ಯಜಮಾನರ ಹೆಸರಿಗೆ ಬರೆದಿರುತ್ತಾರೆ ಅಷ್ಟೆ.

ಎದುರು ದಿಕ್ಕಿನ ಲೆಕ್ಕವೂ ಒಂದಿದೆ. ಸಾಫ್ಟ್‌ಬಾಲ್ ಪಂದ್ಯಕ್ಕೆ ಏಳು ಇನ್ನಿಂಗ್ಸ್. ಆದರೆ ಐದು ಮುಗಿಯುವಷ್ಟರಲ್ಲಿ ಒಂದು ತಂಡ ಎಂಟು ಓಟ ಮುಂದಿದ್ದರೆ ಆಟ ಅಲ್ಲಿಗೇ ಮುಕ್ತಾಯ. ಬಡಿದು ಹಾಕುವ ತಂಡದವರಿಗೆ ಇದರಿಂದ ನಷ್ಟವೇ, ಬ್ಯಾಟು ಹಿಡಿಯುವ ಸರದಿ ಕಡಿಮೆಯಾಗುತ್ತದೆ. ಒಕ್ಲಹೋಮ ಆ ವರ್ಷ ಪದೇ ಪದೇ ಹೀಗೆ ಐದಕ್ಕೇ ಮುಗಿಸಿ ಮನೆಗೆ ಹೋದ ತಂಡ. ಸರದಿ ಕಡಿಮೆಯಾದರೂ 27 ಹೋಮ್ ರನ್ ಬಂದಿತೆಂಬುದು ನನಗೆ ಆರ್‌ಬಿಐಗಿಂತ ದೊಡ್ಡದಾಗಿ ಕಾಣುತ್ತದೆ. ಹೋಮ್ ರನ್ ಹೊಡೆಯಲು ಯಾರೂ ಬೇಸ್ ಮೇಲೆ ನಿಂತಿರಬೇಕಾಗಿಲ್ಲ.

ಆ ವರ್ಷದ ಕೊನೆ ಮಾತ್ರ ಅಷ್ಟು ಸಲೀಸಾಗಿರಲಿಲ್ಲ. 64 ತಂಡಗಳಿಂದ ಶುರುವಾಗುವ ರಾಷ್ಟ್ರೀಯ ಟೂರ್ನಿ ಎಂಟಕ್ಕೆ ಇಳಿದಾಗ ಎಲ್ಲರೂ ಒಕ್ಲಹೋಮ ಸಿಟಿಗೆ ಬಂದು ಸೇರುತ್ತಾರೆ. ಅದಕ್ಕೆ ಮಹಿಳಾ ಕಾಲೇಜು ವರ್ಲ್ಡ್ ಸೀರೀಸ್ ಎಂದು ಹೆಸರು. ವಿಶ್ವವಿದ್ಯಾಲಯ ಇರುವ ನಾರ್ಮನ್‌ನಿಂದ ಆ ಮೈದಾನಕ್ಕೆ ಅರ್ಧ ಗಂಟೆಯ ದಾರಿ, ಹೆಚ್ಚೂಕಡಿಮೆ ಮನೆಯಂಗಳ. ಅಲ್ಲಿ 2021ರ ಮೊದಲ ಪಂದ್ಯದಲ್ಲೇ ಜೇಮ್ಸ್ ಮ್ಯಾಡಿಸನ್ ಎಂಬ, ಅದುವರೆಗೆ ಒಮ್ಮೆಯೂ ಆ ಹಂತ ತಲುಪಿರದ ವಿಶ್ವವಿದ್ಯಾಲಯ ಹೆಚ್ಚುವರಿ ಇನ್ನಿಂಗ್ಸ್‌ನಲ್ಲಿ 4–3ರಿಂದ ಒಕ್ಲಹೋಮವನ್ನು ಕೆಡವಿತು. ಅದರ ಪಿಚರ್ ಒಡಿಸ್ಸಿ ಅಲೆಕ್ಸಾಂಡರ್ ಎದುರು ದೇಶದ ಅತಿ ಭಯಂಕರ ಬ್ಯಾಟಿಂಗ್ ಸಾಲು ತಡವರಿಸಿತು. ಎರಡು ಸಲ ಸೋತವರಷ್ಟೇ ಹೊರಹೋಗುವ ಪದ್ಧತಿ ಇದ್ದುದರಿಂದ ಒಕ್ಲಹೋಮ ಉಳಿಯಿತು. ಅಲ್ಲಿಂದ ಇನ್ನೊಂದು ಸೋಲಿಗೂ ಜಾಗವಿಲ್ಲದೆ ಗೆಲ್ಲುತ್ತ ಬಂದು, ಮೂರು ಪಂದ್ಯಗಳ ಫೈನಲ್‌ನಲ್ಲಿ ಫ್ಲೋರಿಡಾ ಸ್ಟೇಟ್ ಎದುರು ಮೊದಲನೆಯದನ್ನು ಸೋತು, ಉಳಿದೆರಡನ್ನು 6–2, 5–1ರಿಂದ ಗೆದ್ದಿತು. ಕೊನೆಯ ಪಂದ್ಯವನ್ನು ಗೆಲ್ಲಿಸಿಕೊಟ್ಟದ್ದು ಬ್ಯಾಟುಗಳಿಗಿಂತ ಹೆಚ್ಚಾಗಿ ಜಿಸೆಲ್ ಹುವಾರೆಸ್ ಅವರ ಎಡಗೈ ಪಿಚಿಂಗ್.

ಮೊದಲ ವರ್ಷದ ಅಂಕಿಯಲ್ಲಿ ತಂಡದ ಪಾಲೆಷ್ಟು, ಆಟಗಾರ್ತಿಯ ಪಾಲೆಷ್ಟು ಎಂಬುದನ್ನು ಆ ಒಂದು ವರ್ಷ ನೋಡಿ ತೀರ್ಮಾನಿಸಲಾಗದು. ಎರಡನೆಯ ವರ್ಷ ಎಲ್ಲ ಎದುರಾಳಿಗಳ ಬಳಿಯೂ ವಿಡಿಯೊ ಇರುತ್ತದೆ, ಯಾವ ಎಸೆತಕ್ಕೆ ತಡವರಿಸುತ್ತಾರೆ ಎಂಬ ಟಿಪ್ಪಣಿ ಇರುತ್ತದೆ. 2022ರಲ್ಲಿ ಜೆನ್ನಿಂಗ್ಸ್ ಅವರ ಸರಾಸರಿ ಇಳಿಯಿತು, ಆದರೆ ಹೋಮ್ ರನ್ 29ಕ್ಕೆ ಏರಿತು. ಅಲೋ ಆ ವರ್ಷದ ಕೊನೆಗೆ ಕಾಲೇಜು ಬಿಟ್ಟರು. 2023ರ ವರ್ಲ್ಡ್ ಸೀರೀಸ್ ಸೆಮಿಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಎದುರು ಪಂದ್ಯ ಒಂಬತ್ತನೆಯ ಇನ್ನಿಂಗ್ಸ್‌ಗೆ ಎಳೆದಾಗ ಇಬ್ಬರನ್ನು ಮನೆ ಮುಟ್ಟಿಸಿದ ಹೊಡೆತ ಜೆನ್ನಿಂಗ್ಸ್ ಅವರದು, ಗೆಲುವು 4–2. ಎದುರಿಗಿದ್ದ ಪಿಚರ್ ನಿಜಾರಿ ಕ್ಯಾನಡಿ. ಎರಡು ವರ್ಷ ಹಿಂದೆ ಜೆನ್ನಿಂಗ್ಸ್ ಪಡೆದಿದ್ದ ಮೊದಲ ವರ್ಷದ ಶ್ರೇಷ್ಠ ಆಟಗಾರ್ತಿ ಗೌರವ ಆ ವರ್ಷ ಸಂದಿದ್ದು ಅವರಿಗೆ. ನಾಲ್ಕು ವರ್ಷಗಳಿಗೆ ಜೆನ್ನಿಂಗ್ಸ್ ಅವರ ಹೋಮ್ ರನ್ ಒಟ್ಟು 98, ನಾಲ್ಕು ವರ್ಷವೂ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ. ಸತತ ನಾಲ್ಕು ಗೆದ್ದ ಮೊದಲ ತಂಡ ಅದು.

ಇಷ್ಟೆಲ್ಲ ಬ್ಯಾಟಿನ ಮಾತಾಯಿತು. ಮೂರು ವರ್ಷ ಅವರ ಪಕ್ಕದಲ್ಲಿ ಶಾರ್ಟ್‌ಸ್ಟಾಪ್ ಆಗಿ ನಿಂತು ಡಬಲ್ ಪ್ಲೇಗೆ ಚೆಂಡು ಕೊಡುತ್ತಿದ್ದವರು ಗ್ರೇಸ್ ಲಯನ್ಸ್. 2023ರಲ್ಲಿ ಲಯನ್ಸ್ ಕಾಲೇಜು ಮುಗಿಸಿ ಹೊರಟಾಗ ಒಳ ಮೈದಾನದ ಅತಿ ಕಷ್ಟದ ಜಾಗ ಖಾಲಿಯಾಯಿತು. 1995ರಿಂದ ಈ ತಂಡವನ್ನು ಕಟ್ಟುತ್ತ ಬಂದ ತರಬೇತುದಾರ್ತಿ ಪ್ಯಾಟಿ ಗ್ಯಾಸೊ ಅಲ್ಲಿಗೆ ಕಳಿಸಿದ್ದು ಜೆನ್ನಿಂಗ್ಸ್ ಅವರನ್ನೇ. ಕೊನೆಯ ವರ್ಷ, ಹೊಸ ಜಾಗ. ಎಸೆತ ಉದ್ದ, ತಿರುಗುವ ದಿಕ್ಕು ತಲೆಕೆಳಗು, ಫಸ್ಟ್ ಬೇಸ್ ಈಗ ಮೈದಾನದ ಆಚೆ ತುದಿಯಲ್ಲಿ. ನಾಲ್ಕನೆಯ ಪ್ರಶಸ್ತಿಗಾಗಿ ಟೆಕ್ಸಸ್ ತಂಡವನ್ನು 8–3, 8–4ರಿಂದ ಸೋಲಿಸಿದ ಒಳ ಮೈದಾನದಲ್ಲಿ ಅವರು ನಿಂತಿದ್ದದ್ದು ಅಲ್ಲಿಯೇ.